ಆಡುಮಾತು ಮತ್ತು ಅಡಿಬರಹ: ಸ್ವತಂತ್ರ ಕನ್ನಡ ಚಿತ್ರಗಳ ಪಾಠವನ್ನು ಕುರಿತು

1

ಪುಣೆಯ ದಕ್ಷಿಣ ಭಾಗದಲ್ಲಿ, ಸ್ವಾರಗೇಟಿನಿಂದ ಕಾತ್ರಜ್ ಘಾಟಿನ ಕಡೆಗೆ ಸಾಗುವ ಸಾತಾರಾ ರಸ್ತೆಯ ಮಗ್ಗುಲಿಗೆ ಧನಕವಡಿ ಎಂಬ ಬಡಾವಣೆಯಿದೆ. ಹಿಂದೆ ಪುಣೆಯಿಂದ ಬೆಂಗಳೂರಿಗೆ ಹೋಗುತ್ತಿದ್ದ ಹೆದ್ದಾರಿ ಇದೇ ಮಾರ್ಗವಾಗಿ ಹಾದುಹೋಗುತ್ತಿತ್ತು. ಸಮೀಪದ ವಿದ್ಯಾಪೀಠದಲ್ಲಿ ಓದಲು ಬಂದವರು, ಕಟ್ಟಡದ ಕೆಲಸಕ್ಕೆ ಬಂದು ನೆಲೆನಿಂತವರು, ನೌಕರಿಯ ನಿಮಿತ್ತ ಬಂದವರು, ಹೀಗೆ ಹಲವು ಬಗೆಯ ಕನ್ನಡಿಗರು ಅಲ್ಲಿ ಕಾಣಸಿಗುತ್ತಾರೆ. ಅವರು ಆಡುವ ಕನ್ನಡವೂ ಒಂದೇ ಬಗೆಯದಲ್ಲ. ಕೆಲವು ಕಾಲದ ಹಿಂದೆ ಅಲ್ಲಿನ ಒಂದು ಮನೆಯಲ್ಲಿ ‘ತಿಥಿ’ ಚಿತ್ರವನ್ನು ಹತ್ತು ಹನ್ನೆರಡು ಜನರೊಂದಿಗೆ ಕುಳಿತು ನೋಡುವ ಸಂದರ್ಭ ನಮಗೆ ಒದಗಿತು. ಮನೆಯವರು ಕಲಬುರಗಿ ಸೀಮೆಯಿಂದ ಬಂದವರು. ಅಜ್ಜಿಗೆ ಮನೆಮಾತಾದ ಕನ್ನಡ ಬಿಟ್ಟು ಬೇರೆ ಭಾಷೆಯ ಓದುಬರಹವಿಲ್ಲ. ಪುಣೆಯಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು ಕನ್ನಡವನ್ನು ಮಾತಾಡಬಲ್ಲಳು, ಓದಲಾರಳು; ಇಂಗ್ಲಿಷನ್ನು ನಿರಾಯಾಸವಾಗಿ ಓದಬಲ್ಲಳು.

ಚಿತ್ರದ ಮಂಡ್ಯ ಸೀಮೆಯ ಮಾತು ವೇಗವಾಗಿ ಸಾಗಿದಾಗ ಅಜ್ಜಿ ಅಲ್ಲಲ್ಲಿ ತಡವರಿಸುತ್ತಿದ್ದರು. ಆಗ ಮೊಮ್ಮಗಳು ಪರದೆಯ ಕೆಳಗಿನ ಇಂಗ್ಲಿಷ್ ಅಡಿಬರಹವನ್ನು ಓದಿ, ಅದನ್ನು ತಮ್ಮ ಮನೆಯ ಕನ್ನಡಕ್ಕೆ ತಂದು ಹೇಳುತ್ತಿದ್ದಳು. ಅಂದರೆ ಮಂಡ್ಯದ ಕನ್ನಡವು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕಲಬುರಗಿಯ ಕನ್ನಡಕ್ಕೆ ಮರಳಿ ಬರುತ್ತಿತ್ತು. ಒಮ್ಮೆ ಅಜ್ಜಿ ಅಡಿಬರಹಕ್ಕೆ ಕಾಯದೆ ನಕ್ಕುಬಿಟ್ಟರು. ಮೊಮ್ಮಗಳು ಎಂದಿನಂತೆ ಅರ್ಥ ಹೇಳಿದಳು. ಅಜ್ಜಿ ಅದನ್ನು ಕೇಳಿ, “ಅಂವ ಹಂಗ ಅಂದಿಲ್ಲ ತಗೋ” ಎಂದರು. ಏನೆಂದ ಎಂದು ಹುಡುಗಿ ಕೇಳಿದರೆ ಅದನ್ನು ಬಿಡಿಸಿ ಹೇಳಲು ಅವರಿಗೂ ಆಗಲಿಲ್ಲ.

ಗ್ರಂಥಸಂಪಾದನೆಯ ಅಭ್ಯಾಸವುಳ್ಳ ನಮಗೆ ಆ ಮಾತು ಒಂದು ಪಾಠವಿಮರ್ಶೆಯಾಗಿ ಕೇಳಿಸಿತು. ಮೂಲದ ಪಾಠ ಒಂದು, ಟೀಕೆಯ ಪಾಠ ಇನ್ನೊಂದು; ಎರಡೂ ಒಂದೇ ಅಲ್ಲ ಎಂದು ಓದುಬರಹವಿಲ್ಲದ ಒಬ್ಬ ಮುದುಕಿ ಗುರುತಿಸಿದ್ದರು. ನಾವು, ಅಂದರೆ ಈ ಚಿತ್ರಗಳನ್ನು ಕುರಿತು ಪ್ರಬಂಧ ಬರೆಯುವವರು, ಅದನ್ನು ಗುರುತಿಸಿದ್ದೇವೆಯೇ? ಪ್ರಸ್ತುತ ಲೇಖನ ಹುಟ್ಟಿದ್ದು ಈ ಪ್ರಶ್ನೆಯಿಂದ.

ಈ ಸಂದರ್ಭದಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ಹಲವು ವರ್ಷಗಳ ಹಿಂದೆ ಹೊರರಾಜ್ಯದ ಒಂದು ವಿಚಾರ ಸಂಕಿರಣದಲ್ಲಿ ‘ಘಟಶ್ರಾದ್ಧ’ವನ್ನು ಕುರಿತು ನಾವು ಇಂಗ್ಲಿಷಿನಲ್ಲಿ ಪ್ರಬಂಧ ಮಂಡಿಸಿದೆವು. ಯಮುನೆಯ ಮಾತುಗಳೆಂದು ಅಲ್ಲಿ ಉದ್ಧರಿಸಿ ವಿಶ್ಲೇಷಿಸಿದ ವಾಕ್ಯಗಳೆಲ್ಲ ಅಡಿಬರಹದ ವಾಕ್ಯಗಳೇ ಆಗಿದ್ದವು. ಕನ್ನಡದ ಮೇಷ್ಟರೊಬ್ಬರು ಕನ್ನಡ ಚಿತ್ರವೊಂದನ್ನು ಇಂಗ್ಲಿಷಿನಿಂದ ಓದಿದ್ದಾರೆಂಬುದು ಸಭೆಯಲ್ಲಿ ಯಾರಿಗೂ ತೋರಲಿಲ್ಲ. ಅಂದು ನಮಗೂ ತೋರಲಿಲ್ಲ.

2

‘ಸ್ವತಂತ್ರ ಚಿತ್ರ’ ಎಂಬ ಪದವನ್ನು ಇಂದು ಧಾರಾಳವಾಗಿ ಬಳಸಲಾಗುತ್ತಿದೆ. 1970ರ ದಶಕದಲ್ಲಿ ‘ಹೊಸ ಅಲೆ’, ‘ಸಮಾನಾಂತರ ಚಿತ್ರ’, ‘ಕಲಾತ್ಮಕ ಚಿತ್ರ’ ಎಂಬ ಹೆಸರುಗಳಿದ್ದವು. ಇವೆಲ್ಲವೂ ಚಿತ್ರವು ಯಾವುದಕ್ಕೆ ಹೊರತಾದದ್ದು ಎಂಬುದನ್ನು ಸೂಚಿಸುವ ಪದಗಳು. ಸಾಮಾನ್ಯವಾಗಿ ಸ್ವಾತಂತ್ರ್ಯವನ್ನು ಎರಡು ನೆಲೆಗಳಲ್ಲಿ ಅರ್ಥೈಸಲಾಗುತ್ತದೆ. ಒಂದು, ಬಂಡವಾಳದ ನೆಲೆ: ಉದ್ಯಮದ ಹಣ, ತಾರೆಯರು, ವಿತರಕರು ಇವರ ಹಂಗಿಲ್ಲದೆ ಚಿತ್ರ ತಯಾರಾಗುವುದು. ಎರಡು, ವಸ್ತುವಿನ ನೆಲೆ: ಜನಪ್ರಿಯ ಚಿತ್ರ ಮುಟ್ಟಲಾರದ ವಸ್ತುವನ್ನು ಆರಿಸಿಕೊಳ್ಳುವುದು. ಇವೆರಡರ ಜತೆಗೆ ಮೂರನೆಯದೊಂದು ನೆಲೆಯಿದೆ. ಅದು ಮಾತಿನ ನೆಲೆ. ಚಿತ್ರದ ಪಾತ್ರಗಳು ಯಾರ ಕನ್ನಡವನ್ನು ಆಡುತ್ತವೆ ಎಂಬ ತೀರ್ಮಾನದಲ್ಲಿಯೇ ನಮ್ಮ ಇತ್ತೀಚಿನ ಸ್ವತಂತ್ರ ಚಿತ್ರಗಳ ಸಾಹಸದ ಬಹುಪಾಲು ಅಡಗಿದೆ. ಆದರೆ ಈ ಚಿತ್ರಗಳಿಗೆ ಮನ್ನಣೆ ದೊರೆತದ್ದು ಲೊಕಾರ್ನೊ, ಬುಸಾನ್, ರಾಟರ್‌ಡ್ಯಾಮ್‌ಗಳಲ್ಲಿ. ಅಂದರೆ ಅವುಗಳ ಸಾಹಸವನ್ನು ಕೇಳಲಾಗದ, ಅಡಿಬರಹದ ಮೂಲಕ ಓದಬಲ್ಲ ಸಭೆಗಳಲ್ಲಿ. ಹೊರನಾಡಿನ ಸಂಶೋಧಕರಿಗೂ ಬಹುಮಟ್ಟಿಗೆ ಅದೇ ಅಡಿಬರಹ ಆಧಾರವಾಗಿದೆ. ಚಿತ್ರದ ಯಾವ ಅಂಶ ಅತ್ಯಂತ ಹೊಸದೋ ಅದೇ ಅಂಶ ಸಂಶೋಧನೆಯ ಕಣ್ಣಿಗೆ ಬೀಳದೆ ಉಳಿಯುತ್ತಿದೆ ಎಂಬುದು ಪ್ರಸ್ತುತ ಲೇಖನದ ಪ್ರಮೇಯ.

3

ಕನ್ನಡ ಚಿತ್ರದ ಪಾಠ ಕನ್ನಡ ನಾಡಿನ ಹೊರಗೆ ರೂಪುಗೊಂಡು, ಹೊರಗೇ ಉಳಿದದ್ದು, ಕೆಲವೊಮ್ಮೆ ಹೊರಗೇ ಕಳೆದುಹೋದದ್ದು ಹೊಸ ಸಂಗತಿಯಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು; ಅದು ಚಿತ್ರೀಕರಣಗೊಂಡದ್ದು ಕೊಲ್ಹಾಪುರದಲ್ಲಿ. ಅದಕ್ಕೆ ಮಾತು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಕನ್ನಡವು ಪರದೆಯ ಮೇಲೆ ಮೊದಲು ಹೇಗೆ ಮಾತಾಡಿತು ಎಂಬುದನ್ನು ನಾವಿಂದು ಕೇಳಲಾರೆವು, ಏಕೆಂದರೆ ಆ ಚಿತ್ರದ ಪ್ರತಿ ಉಳಿದಿಲ್ಲ. ಲುಪ್ತ ಕಾವ್ಯಗಳ ಪಟ್ಟಿಯಲ್ಲಿ ಸೇರಿಸಬೇಕಾದ ಕೃತಿ ಅದು.

ಕೊಲ್ಹಾಪುರದಿಂದ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಸಂಸ್ಥೆಯ ಸ್ಟುಡಿಯೋ ಆವರಣದಲ್ಲಿಯೇ 1960ರಲ್ಲಿ ಭಾರತೀಯ ಚಲನಚಿತ್ರ ಶಿಕ್ಷಣ ಸಂಸ್ಥೆ ಆರಂಭವಾಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರವೂ ಪುಣೆಯಲ್ಲಿಯೇ ಸ್ಥಾಪಿತವಾಯಿತು. ಗಿರೀಶ ಕಾರ್ನಾಡರು 1974–75ರಲ್ಲಿ ಶಿಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಅಲ್ಲಿ ಓದಿ 1975ರಲ್ಲಿ ಹೊರಬಂದರು. ಎರಡು ವರ್ಷಗಳ ತರುವಾಯ ಅವರು ನಿರ್ದೇಶಿಸಿದ ‘ಘಟಶ್ರಾದ್ಧ’ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಆ ಚಿತ್ರದ ಮೂಲ ನೆಗೆಟಿವ್ ಉಳಿದದ್ದೂ ಪುಣೆಯ ಭಂಡಾರದಲ್ಲಿಯೇ. 2022ರಲ್ಲಿ ಆ ಭಂಡಾರವು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವಿದೇಶದ ಸಂಸ್ಥೆಗಳ ಸಹಯೋಗದಲ್ಲಿ ಆ ನೆಗೆಟಿವ್‌ನಿಂದ ಚಿತ್ರವನ್ನು ಪುನರುದ್ಧರಿಸಿ, 2024ರ ವೆನಿಸ್ ಉತ್ಸವದಲ್ಲಿ ಪ್ರದರ್ಶಿಸಲಾಯಿತು.

ಹಸ್ತಪ್ರತಿಯೊಂದರ ಚರಿತ್ರೆಯನ್ನು ಬಲ್ಲವರಿಗೆ ಈ ಕಥೆ ಪರಿಚಿತವಾಗಿಯೇ ತೋರುತ್ತದೆ. ಒಂದು ನಾಡಿನಲ್ಲಿ ಹುಟ್ಟಿದ ಕೃತಿ ಬೇರೊಂದು ನಾಡಿನ ಭಂಡಾರದಲ್ಲಿ ಉಳಿಯುತ್ತದೆ. ಯಾವುದೋ ಕಾಲದಲ್ಲಿ ಯಾರೋ ಅದನ್ನು ಶೋಧಿಸಿ ಬೆಳಕಿಗೆ ತರುತ್ತಾರೆ. ಆದರೆ ಒಂದು ವ್ಯತ್ಯಾಸವುಂಟು. ಓಲೆಯ ಪ್ರತಿ ದೊರೆತಾಗ ನಾವು ಮೊದಲು ಮಾಡುವ ಕೆಲಸ ಪಾಠವನ್ನು ಅಕ್ಷರಶಃ ನಕಲು ಮಾಡಿಕೊಳ್ಳುವುದು. ಚಿತ್ರದ ವಿಷಯದಲ್ಲಿ ಗೀರು ಹೋಯಿತು, ಬೆಳಕು ಸರಿಯಾಯಿತು, ಧ್ವನಿ ಶುದ್ಧವಾಯಿತು ಎಂಬಲ್ಲಿಗೆ ಪುನರುದ್ಧಾರ ಮುಗಿಯುತ್ತದೆ. ಆ ಶುದ್ಧವಾದ ಧ್ವನಿ ಆಡುವ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸ ನಮ್ಮದು, ಅಂದರೆ ಭಾಷೆ ಮತ್ತು ಸಾಹಿತ್ಯದ ಸಂಶೋಧಕರದು. ಅದನ್ನು ನಾವು ಮಾಡಬೇಕಾದಷ್ಟು ಮಾಡಿಲ್ಲ.

4

ಕನ್ನಡದ ಸ್ವತಂತ್ರ ಚಿತ್ರ ಪರಂಪರೆಯ ಮೂರು ಮುಖ್ಯ ಕೃತಿಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು: ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977), ‘ತಿಥಿ’ (2015). ಮೂರೂ ಅಪರಕ್ರಿಯೆಗೆ ಸಂಬಂಧಿಸಿದ ಶಬ್ದಗಳು. ಮೂರರಲ್ಲಿಯೂ ಸಾವಿನ ಕರ್ಮ ಕಥೆಯ ಕೇಂದ್ರ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಯಿಂದ ಅಗ್ರಹಾರ ತತ್ತರಿಸುತ್ತದೆ. ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನೆ ಗರ್ಭವತಿಯಾದಳೆಂದು, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನದ ತಿಥಿಗೆ ಊರು ಸಿದ್ಧವಾಗುತ್ತದೆ, ಆದರೆ ಸತ್ತವನ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಕರ್ಮವೂ ಬೇಡ, ದುಃಖವೂ ಇದ್ದಂತಿಲ್ಲ. ಮೊದಲನೆಯದರಲ್ಲಿ ಕರ್ಮ ನಡೆಯಬೇಕೆಂಬ ಆತಂಕ, ಎರಡನೆಯದರಲ್ಲಿ ಕರ್ಮ ನಡೆದುದರ ಕ್ರೌರ್ಯ, ಮೂರನೆಯದರಲ್ಲಿ ಕರ್ಮ ಒಂದು ಸಂತರ್ಪಣೆಯಾಗಿ ಉಳಿದ ಸ್ಥಿತಿ. ಇದು ನಲವತ್ತೈದು ವರ್ಷಗಳ ಒಂದು ಸಾಮಾಜಿಕ ಚರಿತ್ರೆ.

ಇಂಗ್ಲಿಷಿನಲ್ಲಿ ಈ ಚರಿತ್ರೆ ಕಾಣುವುದಿಲ್ಲ. ‘ಘಟಶ್ರಾದ್ಧ’ ಇಂಗ್ಲಿಷಿನಲ್ಲಿ ‘ದ ರಿಚುವಲ್’ ಎಂದಾಗಿದೆ. ಘಟವೂ ಹೋಯಿತು, ಶ್ರಾದ್ಧವೂ ಹೋಯಿತು. ಘಟವೆಂದರೆ ಕೊಡ, ನಮ್ಮ ಅನುಭಾವಿ ಪರಂಪರೆಯಲ್ಲಿ ದೇಹವೂ ಘಟವೇ. ಒಡೆಯುವ ಕೊಡದಲ್ಲಿ ಒಡೆದ ಬದುಕನ್ನು ಕಾಣಲು ಕನ್ನಡದ ಪ್ರೇಕ್ಷಕನಿಗೆ ಯಾವ ವ್ಯಾಖ್ಯಾನವೂ ಬೇಡ. ‘ಸಂಸ್ಕಾರ’ ಎಂಬ ಶಬ್ದದಲ್ಲಿ ಶವಸಂಸ್ಕಾರವೂ ಇದೆ, ನಡೆನುಡಿಯ ಪರಿಷ್ಕಾರವೂ ಇದೆ. ಪ್ರಾಣೇಶಾಚಾರ್ಯರ ಸಮಸ್ಯೆ ಎರಡೂ ಅರ್ಥಗಳ ನಡುವೆ ನಿಂತಿದೆ. ‘ತಿಥಿ’ಯಾದರೋ ಸಂಸ್ಕೃತದಲ್ಲಿ ಚಾಂದ್ರಮಾನದ ಒಂದು ದಿನವಷ್ಟೆ. ಕನ್ನಡದ ಹಳ್ಳಿಗಳಲ್ಲಿ ಅದು ಸತ್ತವರ ದಿನವಾಯಿತು, ಸತ್ತವರ ಹೆಸರಿನ ಊಟವಾಯಿತು, ಕೋಪದಲ್ಲಿ ಬದುಕಿರುವವರಿಗೆ ಹಾಕುವ ಶಾಪವೂ ಆಯಿತು. ಮಾರ್ಗದ ಶಬ್ದವೊಂದು ದೇಸಿಯ ಅರ್ಥವನ್ನು ತುಂಬಿಕೊಂಡ ಬಗೆ ಇದು. ‘ಸಂಸ್ಕಾರ’ದಿಂದ ‘ತಿಥಿ’ಗೆ ಬರುವ ದಾರಿಯೆಂದರೆ ಶಾಸ್ತ್ರದ ಕನ್ನಡದಿಂದ ಹಟ್ಟಿಯ ಕನ್ನಡಕ್ಕೆ ಬರುವ ದಾರಿ.

ಆರಂಭದ ತಲೆಮಾರಿನ ಸಾಹಸವನ್ನು ಕಡಿಮೆ ಮಾಡಿ ಹೇಳುವುದು ನಮ್ಮ ಉದ್ದೇಶವಲ್ಲ. ‘ಸಂಸ್ಕಾರ’ ಪ್ರಮಾಣಪತ್ರ ಮಂಡಳಿಯ ನಿಷೇಧವನ್ನು ಎದುರಿಸಿ ಗೆದ್ದ ಚಿತ್ರ. ಆದರೆ ಆ ತಲೆಮಾರು ಹೆಚ್ಚಾಗಿ ಕಾದಂಬರಿ, ಕಥೆಗಳನ್ನು ಆಧರಿಸಿತು. ಸಾಹಿತ್ಯದ ಕನ್ನಡವೇ ಅದರ ಮಾತಿಗೂ ಹಂದರವಾಯಿತು. ಬಿ. ವಿ. ಕಾರಂತರ ‘ಚೋಮನ ದುಡಿ’ (1975) ಇದಕ್ಕೆ ಒಳ್ಳೆಯ ನಿದರ್ಶನ. ಶಿವರಾಮ ಕಾರಂತರ ಚೋಮನ ಸೀಮೆಯಲ್ಲಿ ಅವನಂಥವರ ಮನೆಮಾತು ತುಳು. ಕಾದಂಬರಿಯಲ್ಲಿ ಅವನು ಕನ್ನಡ ಮಾತಾಡುತ್ತಾನೆ, ಚಿತ್ರದಲ್ಲಿಯೂ ಹಾಗೆಯೇ. ಉಳುವ ನೆಲ ಮಾತ್ರವಲ್ಲ, ಆಡುವ ನುಡಿಯೂ ಅವನಿಗೆ ಅಲ್ಲಿ ದೊರೆಯಲಿಲ್ಲ. ಬಹುಶಃ ಈ ಕಾರಣದಿಂದಲೇ ಮಾತಿಗಿಂತ ಅವನ ದುಡಿಯೇ ನಮಗೆ ಹೆಚ್ಚು ಕೇಳಿಸುತ್ತದೆ.

5

ಮಾತಿನ ನೆಲೆಯ ಸಾಹಸ ಜಗತ್ತಿನ ಚಿತ್ರಚರಿತ್ರೆಯಲ್ಲಿ ಹಲವು ಕಡೆ ನಡೆದಿದೆ. ಇಟಲಿಯ ವಿಸ್ಕೊಂತಿ 1948ರಲ್ಲಿ ‘ಲಾ ತೆರ್ರಾ ತ್ರೇಮಾ’ ಚಿತ್ರವನ್ನು ಸಿಸಿಲಿಯ ಆಚಿ ತ್ರೆತ್ಸಾ ಎಂಬ ಊರಿನ ಬೆಸ್ತರಿಂದಲೇ, ಅವರ ಆಡುಮಾತಿನಲ್ಲಿಯೇ ಮಾಡಿದನು. ಆ ಮಾತು ಇಟಲಿಯ ಉಳಿದ ಪ್ರೇಕ್ಷಕರಿಗೇ ಅರ್ಥವಾಗದ ಕಾರಣ ಇಟಾಲಿಯನ್ ನಿರೂಪಣೆಯನ್ನು ಸೇರಿಸಬೇಕಾಯಿತು. ಮೂವತ್ತು ವರ್ಷಗಳ ತರುವಾಯ ಎರ್ಮಾನ್ನೊ ಓಲ್ಮಿಯು ಬೆರ್ಗಾಮೊ ಸೀಮೆಯ ರೈತರನ್ನೇ ಬಳಸಿ, ಅವರ ನುಡಿಯಲ್ಲಿ ಮಾಡಿದ ‘ಮರದ ಪಾದುಕೆಗಳ ಮರ’ ಎಂಬ ಅರ್ಥದ ಹೆಸರಿನ ಚಿತ್ರಕ್ಕೆ 1978ರ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂದಿತು. ಸೆನೆಗಲ್ ದೇಶದ ಉಸ್ಮಾನ್ ಸೆಂಬೆನ್ ಫ್ರೆಂಚಿನಲ್ಲಿ ಕಾದಂಬರಿ ಬರೆಯುತ್ತಿದ್ದವನು. ತನ್ನ ಜನರನ್ನು ತಲುಪಲೆಂದು ಚಿತ್ರಕ್ಕೆ ಬಂದು, 1968ರಲ್ಲಿ ‘ಮಂದಾಬಿ’ಯನ್ನು ವೊಲೊಫ್ ಭಾಷೆಯಲ್ಲಿ ನಿರ್ಮಿಸಿದನು. ವಿದ್ವತ್ತಿನ ಭಾಷೆಯನ್ನು ಬಿಟ್ಟು ಕೇಳುವವರ ಭಾಷೆಗೆ ಬರುವ ಈ ನಿರ್ಧಾರ ಹನ್ನೆರಡನೆಯ ಶತಮಾನದ ವಚನಕಾರರನ್ನು ಬಲ್ಲ ನಮಗೆ ಅಪರಿಚಿತವಲ್ಲ.

ಈ ಹಿನ್ನೆಲೆಯಲ್ಲಿ ‘ತಿಥಿ’ಯನ್ನು ನೋಡಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯ ಕಸುಬಿಲ್ಲದ ಹಳ್ಳಿಯವರನ್ನೇ ಪಾತ್ರಗಳಿಗೆ ಆರಿಸಿ, ಆ ಸೀಮೆಯನ್ನು ಒಳಗಿನಿಂದ ಬಲ್ಲ ಈರೇಗೌಡರ ಬರವಣಿಗೆಯ ಆಧಾರದಿಂದ ಚಿತ್ರವನ್ನು ಕಟ್ಟಲಾಯಿತು. 2015ರಲ್ಲಿ ಲೊಕಾರ್ನೊದಲ್ಲಿ ಅದಕ್ಕೆ ಎರಡು ಪ್ರಶಸ್ತಿಗಳು ಬಂದವು. ಅಡಿಬರಹದಲ್ಲಿ ಒಂದೇ ‘ಯು’ ಆಗುವ ಸಂಬೋಧನೆ ಆ ಮಾತಿನಲ್ಲಿ ಎಷ್ಟೊಂದು ಬಗೆಯದು! ವಯಸ್ಸು, ಸಲುಗೆ, ಸಿಟ್ಟು, ಆಸ್ತಿಯ ಆಸೆ, ಸಾಲ ಕೇಳುವ ದೈನ್ಯ ಎಲ್ಲವೂ ಏಕವಚನ ಬಹುವಚನಗಳ ಏರಿಳಿತದಲ್ಲಿ, ಕ್ರಿಯಾಪದದ ಕೊನೆಗೆ ಅಂಟುವ ‘ಲಾ’ ಎಂಬಂಥ ಒಂದು ಅಕ್ಷರದಲ್ಲಿ ಕೇಳಿಬರುತ್ತವೆ. ಧನಕವಡಿಯ ಅಜ್ಜಿ ನಕ್ಕದ್ದು ಇಂಥದೇ ಒಂದು ಅಕ್ಷರಕ್ಕೆ ಇರಬೇಕು. ಸೀಮೆ ಬೇರೆಯಾದರೂ ಸಲುಗೆಯ ವ್ಯಾಕರಣ ಅವರಿಗೆ ತಿಳಿದಿತ್ತು.

‘ಶಿವಮ್ಮ’ (2022) ಇನ್ನೂ ಮುಖ್ಯವಾದ ನಿದರ್ಶನ. ಜೈಶಂಕರ್ ಆರ್ಯರ್ ನಿರ್ದೇಶಿಸಿದ ಈ ಚಿತ್ರದ ಊರು ಕೊಪ್ಪಳ ಜಿಲ್ಲೆಯ ಎರೆಹಂಚಿನಾಳ. ‘ಎರೆ’ ಎಂದರೆ ಕಪ್ಪು ಮಣ್ಣಿನ ನೆಲ. ಶಾಲೆಯಲ್ಲಿ ಅಡುಗೆ ಮಾಡುವ, ಗಂಡ ಹಾಸಿಗೆ ಹಿಡಿದಿರುವ ಹೆಂಗಸೊಬ್ಬಳು ಸರಪಳಿ ಮಾರಾಟದ ಆರೋಗ್ಯಪೇಯವೊಂದನ್ನು ನಂಬಿ ಹಣ ತೊಡಗಿಸುತ್ತಾಳೆ. ಬುಸಾನ್ ಉತ್ಸವದಲ್ಲಿ ಹೊಸ ನಿರ್ದೇಶಕರಿಗೆ ಮೀಸಲಾದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಈ ಚಿತ್ರಕ್ಕೆ ದೊರೆಯಿತು. ಸರಪಳಿ ಮಾರಾಟದ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ನಂಟು. ಅಕ್ಕ, ಯವ್ವ, ಯಪ್ಪ, ತಮ್ಮ ಎಂದು ಕರೆಯುವ ಬಾಯಿಯೇ ಅಲ್ಲಿ ಅಂಗಡಿ. ಊರಿನ ಬಾಂಧವ್ಯದ ನುಡಿ ವ್ಯಾಪಾರದ ನುಡಿಯಾಗಿ ಸವೆಯುವ ದುರಂತವನ್ನು ಚಿತ್ರ ಕೇಳಿಸುತ್ತದೆ. ನಂಟಿನ ಪದಗಳನ್ನು ಇಂಗ್ಲಿಷಿಗೆ ತಂದ ಕೂಡಲೆ ಈ ದುರಂತದ ಅರ್ಧಪಾಲು ಉಳಿಯುವುದಿಲ್ಲ. ಒಬ್ಬ ಬಡ ಹೆಂಗಸು ಮೋಸಹೋದಳು ಎಂಬ ವಾರ್ತೆಯಷ್ಟೇ ಉಳಿಯುತ್ತದೆ.

ಇಲ್ಲಿ ಹಳೆಯ ಸಾಹಿತ್ಯದ ಒಂದು ಸಂಗತಿಯನ್ನು ನೆನೆಯಬೇಕು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ. ಆ ನಾಡಿನೊಳಗೆ ಕನ್ನಡದ ತಿರುಳಿರುವ ಪ್ರದೇಶವನ್ನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯನ್ನು ಹೆಸರಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ. ತಿರುಳ್ಗನ್ನಡದ ಗಡಿಗಲ್ಲಾಗಿದ್ದ ಊರಿನ ಮಾತು ನಮ್ಮ ಜನಪ್ರಿಯ ಚಿತ್ರಗಳಲ್ಲಿ ಬಹುಕಾಲ ನಗೆಪಾತ್ರಗಳ ಮಾತಾಗಿ ಬಳಕೆಯಾಯಿತು. ನಾಯಕ, ನಾಯಿಕೆಯರು ಮೈಸೂರು ಬೆಂಗಳೂರುಗಳ ಶಿಷ್ಟ ಕನ್ನಡ ಆಡಿದರೆ, ಉತ್ತರದ ಕನ್ನಡ ಆಡುವವನು ನಗಿಸಲು ಬರುತ್ತಿದ್ದನು. ಶಿವಮ್ಮ ಆ ಮಾತನ್ನು ಆಡಿದಾಗ ಯಾರೂ ನಗುವುದಿಲ್ಲ. ಒಂದು ಸಾವಿರ ವರ್ಷಗಳ ಸಾಹಿತ್ಯ ಚರಿತ್ರೆಗೆ ಸಂಬಂಧಿಸಿದ ಈ ತಿರುವನ್ನು ಬುಸಾನಿನ ತೀರ್ಪುಗಾರರು ಗಮನಿಸಬೇಕೆಂದು ನಾವು ನಿರೀಕ್ಷಿಸಲಾರೆವು. ಕನ್ನಡ ಪೀಠಗಳ ಸಂಶೋಧಕರಿಂದ ನಿರೀಕ್ಷಿಸಬಹುದು.

6

ಪುಣೆಯ ಶಿಕ್ಷಣ ಸಂಸ್ಥೆಯಲ್ಲಿ ತಯಾರಾದ ಒಂದು ಕಿರುಚಿತ್ರ ಈ ಚರ್ಚೆಗೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ಮೈಸೂರಿನ ಚಿದಾನಂದ ಎಸ್. ನಾಯ್ಕ ಅವರು ಅಲ್ಲಿನ ವಿದ್ಯಾರ್ಥಿಯಾಗಿ ಮಾಡಿದ, ಸುಮಾರು 16 ನಿಮಿಷಗಳ ಕನ್ನಡ ಚಿತ್ರಕ್ಕೆ 2024ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ದೊರೆಯಿತು. ಸೂರ್ಯಕಾಂತಿಗಳಿಗೇ ಮೊದಲು ತಿಳಿಯಿತು ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಊರು ಕತ್ತಲೆಯಲ್ಲಿ ಮುಳುಗುತ್ತದೆ. ಅವಳ ಕುಟುಂಬ ಊರು ಬಿಡಬೇಕಾಗುತ್ತದೆ.

ಹೊರಗಿನ ಪ್ರೇಕ್ಷಕನಿಗೆ ಇದೊಂದು ಸೊಗಸಾದ ಜನಪದ ಕಥೆ. ಕನ್ನಡದ ಪ್ರೇಕ್ಷಕನಿಗೆ ಇದರ ಹಿಂದೆ ಇನ್ನೊಂದು ಕಥೆಯಿದೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ಬೀಗಿದ ಅಜ್ಜಿಯೊಬ್ಬಳು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟಳು. ಊರಿಗೆ ಎಂದಿನಂತೆ ಬೆಳಗಾಯಿತು. ಆ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಜಂಬದ ವಿರುದ್ಧದ ನೀತಿಯಾಗಿ ಕೇಳಿದ್ದೇವೆ. ಚಿತ್ರವು ಆ ನೀತಿಯನ್ನು ತಿರುವುಹಾಕುತ್ತದೆ. ಇಲ್ಲಿ ಕೋಳಿ ಹೋದರೆ ನಿಜವಾಗಿಯೂ ಬೆಳಗಾಗುವುದಿಲ್ಲ. ಕಥೆ ಯಾರನ್ನು ನೋಡಿ ನಕ್ಕಿತ್ತೋ ಆ ಮುದುಕಿಯ ಮಾತನ್ನು ಚಿತ್ರ ನಿಜವೆಂದು ಹಿಡಿಯುತ್ತದೆ. ಅವಳಿಗೆ ಅಂಥ ಶಕ್ತಿಯಿದ್ದರೆ ಊರು ಅವಳನ್ನು ಹೇಗೆ ನಡೆಸಿಕೊಳ್ಳುತ್ತಿತ್ತು ಎಂದು ಕೇಳುತ್ತದೆ. ಸಾಹಸವಿರುವುದು ಈ ತಿರುವಿನಲ್ಲಿ. ಮೂಲ ಗೊತ್ತಿಲ್ಲದವರಿಗೆ ತಿರುವೂ ಇಲ್ಲ. ಮಹಾಭಾರತವನ್ನು ತಿಳಿಯದವನು ಪಂಪನ ಕರ್ಣನನ್ನು ಓದಿದಂತೆ ಆಗುತ್ತದೆ.

ಹೊರನಾಡಿನಲ್ಲಿರುವುದು ಇಂಥ ಓದಿಗೆ ಅಡ್ಡಿಯೆಂದು ಭಾವಿಸಬೇಕಾಗಿಲ್ಲ. ಕೆಲವು ಸಂಗತಿಗಳು ಗಡಿಯಾಚೆ ನಿಂತವರಿಗೇ ಬೇಗ ಹೊಳೆಯುತ್ತವೆ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಫಂಡ್ರಿ’ಯ (2013) ಹೆಸರು ಮರಾಠಿ ಶಬ್ದವಲ್ಲ, ಅದು ಕೈಕಾಡಿ ಸಮುದಾಯದ ದ್ರಾವಿಡ ನುಡಿಯಲ್ಲಿ ಹಂದಿಗಿರುವ ಹೆಸರು. ತಮಿಳಿನ ‘ಪನ್ಱಿ’, ಹಳಗನ್ನಡದ ‘ಪಂದಿ’, ನಡುಗನ್ನಡದಿಂದೀಚೆಗಿನ ‘ಹಂದಿ’ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಶಾಲೆಯ ಮರಾಠಿಯಲ್ಲಿ ಹೇಳಲಾಗದ ಅವಮಾನವನ್ನು ಹುಡುಗನ ಮನೆಮಾತಿನ ಒಂದೇ ಪದ ಹೊತ್ತು ನಿಂತಿದೆ. ಅತ್ತ ನಟೇಶ್ ಹೆಗಡೆಯವರ ಕನ್ನಡ ಚಿತ್ರ ‘ವಾಘಾಚಿಪಾಣಿ’, 2025ರ ಬರ್ಲಿನ್ ಉತ್ಸವದ ‘ಫೋರಮ್’ ವಿಭಾಗದಲ್ಲಿ ಪ್ರದರ್ಶಿತವಾದದ್ದು, ಮರಾಠಿ ಕಿವಿಗೆ ಕೂಡಲೆ ತಿಳಿಯುವ ಹೆಸರನ್ನು ಹೊತ್ತಿದೆ. ‘ವಾಘ’ ಎಂದರೆ ಹುಲಿ. ಮರಾಠಿ ಚಿತ್ರಕ್ಕೆ ದ್ರಾವಿಡದ ಹೆಸರು, ಕನ್ನಡ ಚಿತ್ರಕ್ಕೆ ಮರಾಠಿಯ ಛಾಯೆಯ ಹೆಸರು. ಸಹ್ಯಾದ್ರಿಯ ಎರಡು ಮಗ್ಗುಲಲ್ಲಿ ನುಡಿಗಳು ಬೆರೆತಿರುವ ನಿಜಸ್ಥಿತಿಯನ್ನು ಈ ಎರಡು ಚಿತ್ರಗಳು ರಾಜ್ಯಗಳ ನಕ್ಷೆಗಿಂತ ಚೆನ್ನಾಗಿ ತೋರಿಸುತ್ತವೆ. ಪುಣೆಯಲ್ಲಿ ಕುಳಿತ ಕನ್ನಡದ ವಿದ್ಯಾರ್ಥಿಗೆ ಎರಡೂ ಹೆಸರುಗಳು ತಿಳಿಯಬಲ್ಲವು. ಬೆಂಗಳೂರಿನಲ್ಲಿ ಕುಳಿತವನಿಗೆ ತಿಳಿಯಬೇಕೆಂಬ ನಿಯಮವಿಲ್ಲ.

7

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಚಲನಚಿತ್ರ ದೃಶ್ಯಕಲೆ, ಅದನ್ನು ಮಾತಿಗೆ ಇಳಿಸುವುದು ಸಾಹಿತ್ಯದವರ ಹಳೆಯ ಚಾಳಿ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಗಡ್ಡಪ್ಪನ ಮೌನವೂ ಅವನ ನಡಿಗೆಯೂ ಯಾವ ಭಾಷೆಯವರಿಗೂ ದಕ್ಕುತ್ತವೆ. ನಟೇಶ್ ಹೆಗಡೆಯವರ ‘ಪೆಡ್ರೊ’ (2021) ಚಿತ್ರದ ನಾಯಕ ಊರಿನಲ್ಲಿ ಹೊರಗಿನವನಾಗಿಯೇ ಬದುಕಿ, ಆಕಸ್ಮಿಕವಾಗಿ ಒಂದು ಹಸುವಿನ ಸಾವಿಗೆ ಕಾರಣನಾಗಿ ಇನ್ನಷ್ಟು ಹೊರಗಾಗುವವನು. ಅವನು ಹೆಚ್ಚು ಮಾತಾಡುವುದೇ ಇಲ್ಲ. ಆದರೆ ಮಾತಾಡದವನ ಮೌನದ ತೂಕ ತಿಳಿಯುವುದು ಸುತ್ತಲಿನವರು ಅವನೊಂದಿಗೆ ಹೇಗೆ ಮಾತಾಡುತ್ತಾರೆ ಎಂಬುದರಿಂದ. ಮೌನಕ್ಕೂ ಒಂದು ಸೀಮೆಯ ಉಚ್ಚಾರವಿರುತ್ತದೆ.

ಅಡಿಬರಹವಿಲ್ಲದಿದ್ದರೆ ಈ ಚಿತ್ರಗಳು ಹೊರಗೆ ಹೋಗುತ್ತಲೇ ಇರಲಿಲ್ಲ, ಒಳಗೆ ಚಿತ್ರಮಂದಿರವೂ ಸಿಗುತ್ತಿರಲಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದನ್ನೂ ಒಪ್ಪಬೇಕು. ಅಡಿಬರಹ ಬರೆಯುವವರ ಶ್ರಮವನ್ನು ನಾವು ಹಳಿಯುತ್ತಿಲ್ಲ. ಎರಡು ಸಾಲುಗಳ ಜಾಗದಲ್ಲಿ, ಕಣ್ಣು ಹಾಯುವಷ್ಟು ಹೊತ್ತಿನಲ್ಲಿ ಅವರು ಮಾಡುವುದು ಕಷ್ಟದ ಕೆಲಸ. ಟೀಕೆಯಿಲ್ಲದೆ ಎಷ್ಟೋ ಕಾವ್ಯಗಳು ನಮಗೆ ತಿಳಿಯುತ್ತಿರಲಿಲ್ಲ. ಆದರೆ ಟೀಕಾಕಾರನ ವಾಕ್ಯವನ್ನು ಕವಿಯ ವಾಕ್ಯವೆಂದು ಯಾರೂ ಉದ್ಧರಿಸುವುದಿಲ್ಲ. ಚಿತ್ರದ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಮಾಡಬೇಕಾದ ಕೆಲಸ ದೊಡ್ಡದಾದರೂ ಸರಳವಾದದ್ದು. ಮೊದಲನೆಯದಾಗಿ, ಕನ್ನಡ ಚಿತ್ರವನ್ನು ಕುರಿತ ಯಾವ ಪ್ರಬಂಧದಲ್ಲಿಯೂ ಮಾತನ್ನು ಉದ್ಧರಿಸುವಾಗ ಧ್ವನಿಪಥದ ಕನ್ನಡವನ್ನು ಕೊಟ್ಟು, ಅನುವಾದವನ್ನು ಬೇರೆಯಾಗಿ ಕೊಡಬೇಕು. ಅಡಿಬರಹದಿಂದ ತೆಗೆದುಕೊಂಡಿದ್ದರೆ ಹಾಗೆಂದು ಹೇಳಬೇಕು. ಎರಡನೆಯದಾಗಿ, ಮುಖ್ಯವಾದ ಚಿತ್ರಗಳ ಮಾತಿನ ಪಾಠವನ್ನು ಕೇಳಿ ಬರೆದು, ಪ್ರಾದೇಶಿಕ ಪದಗಳಿಗೆ ಟಿಪ್ಪಣಿ ಸೇರಿಸಿ ಸಂಪಾದಿಸಬೇಕು. ಚಿತ್ರಕಥೆಗಳು ಅಚ್ಚಾಗುವುದು ಉಂಟು. ಆದರೆ ಚಿತ್ರಕಥೆ ಬರೆದದ್ದು, ಧ್ವನಿಪಥ ಆಡಿದ್ದು. ಹಳ್ಳಿಯ ಜನ ತಮ್ಮ ಬಾಯಿಗೆ ಬಂದಂತೆ ಆಡಿದ ಚಿತ್ರಗಳಲ್ಲಿ ಇವೆರಡರ ನಡುವಿನ ಅಂತರವೇ ಅಧ್ಯಯನದ ವಸ್ತು. ಮೂರನೆಯದಾಗಿ, ಈ ಕೆಲಸವನ್ನು ಆಯಾ ಸೀಮೆಯ ಮಾತು ಬಲ್ಲವರನ್ನು ಜತೆಗಿಟ್ಟುಕೊಂಡು ಮಾಡಬೇಕು. ಅವರು ವಿಶ್ವವಿದ್ಯಾಲಯದಲ್ಲಿಯೇ ಸಿಗಬೇಕೆಂದಿಲ್ಲ. ಹೊರನಾಡಿನ ಊರುಗಳಲ್ಲಿ ಕೊಪ್ಪಳದವರೂ ಮಂಡ್ಯದವರೂ ಶಿರಸಿಯವರೂ ಒಂದೇ ಬೀದಿಯಲ್ಲಿ ಸಿಗುವ ಅನುಕೂಲ ನಾಡಿನೊಳಗಿನ ವಿಭಾಗಗಳಿಗೆ ಸುಲಭವಾಗಿ ಒದಗುವುದಿಲ್ಲ.

‘ಸತಿ ಸುಲೋಚನ’ದ ಮಾತು ನಮಗೆ ಇನ್ನು ಸಿಗಲಾರದು. ಉಳಿದವುಗಳ ಧ್ವನಿ ಇನ್ನೂ ಇದೆ. ಆ ಧ್ವನಿಯನ್ನು ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಕಿವಿಗಳು ಎಷ್ಟು ಕಾಲ ಇರುತ್ತವೆಂದು ಹೇಳುವಂತಿಲ್ಲ. ಧನಕವಡಿಯ ಆ ಮನೆಯಲ್ಲಿ ಅಜ್ಜಿ ಕೇಳಿದ್ದನ್ನು ಮೊಮ್ಮಗಳು ಓದಲಾರಳು, ಮೊಮ್ಮಗಳು ಓದಿದ್ದನ್ನು ಅಜ್ಜಿ ಒಪ್ಪಲಾರರು. ಅವನು ಹಾಗೆ ಅನ್ನಲಿಲ್ಲವೆಂದರೆ ಮತ್ತೇನೆಂದ ಎಂದು ಹುಡುಗಿ ಅಂದು ಕೇಳಿದ ಪ್ರಶ್ನೆಗೆ ನಾವೂ ಉತ್ತರಿಸಲಿಲ್ಲ. ಈಗ ಆ ಚಿತ್ರವನ್ನು ಮತ್ತೆ ಹಾಕಿಕೊಂಡು, ಒಂದೊಂದು ಮಾತನ್ನೂ ನಿಲ್ಲಿಸಿ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಲು ಆರಂಭಿಸಿದ್ದೇವೆ. ಮಂಡ್ಯ ಸೀಮೆಯ ವಿದ್ಯಾರ್ಥಿಯೊಬ್ಬರು ನಮ್ಮ ತಪ್ಪುಗಳನ್ನು ತಿದ್ದುತ್ತಿದ್ದಾರೆ.